ಒಂದಾಳು, ಅರೆಯಾಳು

ನನ್ನ ಫೋನಿನ ಪ್ರಕಾರ ನಮ್ಮೂರು ಹಲಗೂರು ಇರುವುದು ಕೋಲ್ಕತ್ತದಲ್ಲಿ. ಗಡಿಯಾರದ ಬೆನ್ನು ಬಿಚ್ಚಿ ನೋಡುವ ಚಪಲ ಇರುವವರಿಗೆ ಅದರೊಳಗೆ 'ಏಷ್ಯಾ/ಕೋಲ್ಕತ್ತ' ಎಂಬ ಹೆಸರು ಸಿಗುತ್ತದೆ. ಮಂಡ್ಯದ ಸುಳಿವಿಲ್ಲ, ಮಳವಳ್ಳಿಯನ್ನು ಕೇಳುವವರಿಲ್ಲ, ದೆಹಲಿಗೂ ಜಾಗ ಕೊಟ್ಟಿಲ್ಲ. ಹೂಗ್ಲಿ ದಡದ ಊರು ಶಿಂಷಾ ಸೀಮೆಯ ನಮಗೆ ಯಾವಾಗ ಏಳಬೇಕು, ಯಾವಾಗ ಉಣ್ಣಬೇಕು ಎಂದು ಹೇಳುತ್ತಿದೆ.

ಈ ಹೆಸರಿನ ಮೂಲ ಒಂದು ಪಟ್ಟಿ. ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ 1986ರಲ್ಲಿ ಶುರು ಮಾಡಿದ್ದು. ಯಾವ ದೇಶ ಯಾವಾಗ ಗಡಿಯಾರದ ಮುಳ್ಳನ್ನು ಎಷ್ಟು ತಿರುಗಿಸಿತು ಎಂಬುದೆಲ್ಲ ಅದರಲ್ಲಿದೆ. ಯಾರ ಸ್ವತ್ತೂ ಅಲ್ಲದ ಈ ಪಟ್ಟಿಯನ್ನೇ ಜಗತ್ತಿನ ಫೋನುಗಳು ನಂಬಿಕೊಂಡಿವೆ. 1906ರ ಜನವರಿ 1ರಂದು ಭಾರತದ ಬಹುಭಾಗಕ್ಕೆ ಒಂದೇ ಹೊತ್ತು ಬಂದದ್ದು, ಅದಕ್ಕೂ ಮುಂಚಿನ ಮದ್ರಾಸು ಹೊತ್ತು ಇವತ್ತಿನದಕ್ಕಿಂತ ಒಂಬತ್ತು ನಿಮಿಷ ಹಿಂದಿದ್ದದ್ದು, ಎರಡನೇ ಮಹಾಯುದ್ಧದಲ್ಲಿ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು 1945ರ ಅಕ್ಟೋಬರಿನಲ್ಲಿ ಹಿಂದಕ್ಕೆ ತಂದದ್ದು, ಎಲ್ಲಕ್ಕೂ ಅಲ್ಲಿ ಒಂದೊಂದು ಸಾಲು. ಜಾತಕ ಬರೆಯುವವರಿಗೆ ಇಂಥ ಸಾಲು ಪ್ರಾಣ. ಒಂದು ಗಂಟೆ ಆಚೀಚೆಯಾದರೆ ಲಗ್ನವೇ ಬದಲಾಗಬಹುದು. ಅದಕ್ಕೇ ಇರಬೇಕು, 2011ರಲ್ಲಿ ಜ್ಯೋತಿಷ್ಯದ ಸಾಫ್ಟ್‌ವೇರ್ ಮಾರುವ ಅಮೆರಿಕದ ಕಂಪನಿಯೊಂದು, ಹಳೆಯ ಹೊತ್ತಿನ ವಿವರವೆಲ್ಲ ತನ್ನ ಸ್ವತ್ತೆಂದು ಓಲ್ಸನ್ ಮೇಲೆ ಕೇಸು ಹಾಕಿತು. ಪಟ್ಟಿ ಕೆಲವು ದಿನ ತನ್ನ ಮೂಲ ತಾಣದಿಂದಲೇ ಮರೆಯಾಯಿತು. ಮುಂದಿನ ವರ್ಷ ಕಂಪನಿ ಕ್ಷಮೆ ಕೇಳಿ ಕೇಸು ಹಿಂತೆಗೆದುಕೊಂಡಿತು. ಕೇಸು ಹಾಕಲು ಒಳ್ಳೆಯ ಮುಹೂರ್ತ ಸಿಕ್ಕಿರಲಿಲ್ಲವೇನೋ.

ನಮ್ಮೂರ ಸೂರ್ಯನಿಗೆ ಈ ಪಟ್ಟಿಯ ಹಂಗಿಲ್ಲ. ದೇಶದ ಗಡಿಯಾರ ನಡೆಯುವುದು ಮಿರ್ಜಾಪುರದ ಸೀಮೆಯಲ್ಲಿ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಮೇಲೆ. ಹಲಗೂರು ಇರುವುದು 77 ದಾಟಿ ನಾಲ್ಕು ಹೆಜ್ಜೆಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಿಡಿದರೆ ನಮ್ಮ ನಡುಹಗಲು ಗಡಿಯಾರಕ್ಕಿಂತ ಸುಮಾರು ಇಪ್ಪತ್ತೊಂದು ನಿಮಿಷ ತಡ. ಅದೂ ವರ್ಷವಿಡೀ ಒಂದೇ ಸಮನಲ್ಲ. ನವೆಂಬರ್ ಮೊದಲಲ್ಲಿ 12 ಗಂಟೆ 5 ನಿಮಿಷದ ಸುಮಾರಿಗೆ ಹೊತ್ತು ತಿರುಗಿದರೆ, ಫೆಬ್ರುವರಿಯಲ್ಲಿ 12 ಗಂಟೆ 35 ನಿಮಿಷದವರೆಗೂ ಕಾಯಬೇಕು.

ತಾತ ಈ ಗುಣಾಕಾರ ಮಾಡಿದವನಲ್ಲ. "ಮಾರುದ್ದ ಹೊತ್ತೇರೈತೆ, ಇನ್ನೂ ಮನೀಕಂಡಿದ್ದೀಯಲ್ಲೋ" ಎಂದು ಅವನು ಕಂಬಳಿ ಎಳೆದನೆಂದರೆ ಅದೇ ನಮಗೆ ಅಲಾರಾಂ. ಅದಕ್ಕೆ ಇನ್ನೈದು ನಿಮಿಷ ಸುಮ್ಮನಿರಿಸುವ ಗುಂಡಿ ಇರಲಿಲ್ಲ. ಮನೆಯಲ್ಲಿ ರೇಷ್ಮೆ ಹುಳು ಇದ್ದ ದಿನಗಳಲ್ಲಿ ತಾತನ ಮಾತೂ ನಡೆಯುತ್ತಿರಲಿಲ್ಲ. ಆಗ ಹುಳುವೇ ಗಡಿಯಾರ. ಅದು ಜ್ವರಕ್ಕೆ, ಅಂದರೆ ಪೊರೆ ಬಿಡುವ ನಿದ್ದೆಗೆ, ಕೂತರೆ ಮನೆಮಂದಿಗೆ ಬಿಡುವು, ಜ್ವರ ಎದ್ದರೆ ಮತ್ತೆ ಸೊಪ್ಪು ಸೊಪ್ಪು ಸೊಪ್ಪು. ನಾಲ್ಕನೇ ಜ್ವರ ಎದ್ದು, ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ತನಕ ನಮ್ಮ ಮನೆಯಲ್ಲಿ ರಾತ್ರಿ ಎನ್ನುವುದು ಬರೀ ಕತ್ತಲು.

ಆಳಿನ ಲೆಕ್ಕಕ್ಕೆ ಮಾತ್ರ ತಾತ ಬಲು ಕರಾರುವಾಕ್ಕು. ಮುಯ್ಯಾಳಿನ ಕಾಲ ಅದು. ಇವತ್ತು ನೀವು ನಮ್ಮ ಗದ್ದೆ ನಾಟಿಗೆ ಬಂದರೆ ನಾಳೆ ನಾವು ನಿಮ್ಮ ರಾಗಿ ಕುಯ್ಲಿಗೆ. ಉದ್ದನೆಯ ಇದ್ದಿಲಿನ ಗೆರೆ ಎಳೆದರೆ ಒಂದಾಳು, ಗಿಡ್ಡ ಗೆರೆ ಅರೆಯಾಳು. ಈ ಗೆರೆ ನಮ್ಮ ಗೋಡೆಯ ಮೇಲೂ ಇರುತ್ತಿತ್ತು, ಅವರ ಗೋಡೆಯ ಮೇಲೂ ಇರುತ್ತಿತ್ತು. ತಾಳೆಯಾಗದಿದ್ದರೆ ಜಗುಲಿಯ ಮೇಲೆ ಮಾತು ಬಿಸಿಯೇರುತ್ತಿತ್ತು ನಿಜ, ಆದರೆ ಅದು ಎರಡು ಗೋಡೆಗಳ ನಡುವಿನ ಜಗಳ. ಲೆಕ್ಕ ಒಬ್ಬರ ಮನೆಯಲ್ಲೇ ಉಳಿದು, ಇನ್ನೊಬ್ಬರು ಬಾಗಿಲಲ್ಲಿ ನಿಂತು ಕೇಳುವ ಪಾಡು ಇರಲಿಲ್ಲ. ಮನೆಗೆ ಸುಣ್ಣ ಹೊಡೆಯುವ ಮುಂಚೆ ಎಲ್ಲರ ಲೆಕ್ಕ ಚುಕ್ತಾ ಆಗಬೇಕಿತ್ತು, ಅದೊಂದೇ ಕಾನೂನು.

ಅಪ್ಪನ ಕಾಲಕ್ಕೆ ಹೊತ್ತು ಮುಂಗೈಗೆ ಬಂತು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಹೊರಟಿತಷ್ಟೆ, ಹತ್ತಿಪ್ಪತ್ತು ವರ್ಷದಲ್ಲಿ ವಾಚಿಲ್ಲದೆ ಧಾರೆಯಿಲ್ಲ ಎನ್ನುವಂತಾಯಿತು. ಅಪ್ಪನಿಗೆ ಮಾವನ ಮನೆಯಿಂದ ಬಂದದ್ದು ಕೀ ಕೊಡುವ 'ಜನತಾ'. ಅದರ ತಲೆ ತಿರುಗಿಸುವ ಹಕ್ಕು ಮನೆಯಲ್ಲಿ ಇನ್ನಾರಿಗೂ ಇರಲಿಲ್ಲ. ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಅಪ್ಪನ ವಾಚು ಆ ಸುದ್ದಿ ಕೇಳಿಯೂ ನಡೆಯುತ್ತಲೇ ಇದೆ, ದಿನಕ್ಕೆ ಎರಡು ನಿಮಿಷ ಮುಂದೆ.

ಹೊತ್ತು ಹೇಳುವ ಯಂತ್ರ ಕೂಲಿಯವನ ಕೈಗೆ ಬಂದರೂ ಹೊತ್ತನ್ನು ಬರೆದಿಡುವ ಯಂತ್ರ ಬಾರಲಿಲ್ಲ. 1888ರಲ್ಲಿ ನ್ಯೂಯಾರ್ಕ್ ರಾಜ್ಯದ ವಿಲರ್ಡ್ ಬಂಡಿ ಎಂಬ ಒಡವೆ ವ್ಯಾಪಾರಿ ಹಾಜರಿ ಗಡಿಯಾರವೊಂದನ್ನು ಕಂಡುಹಿಡಿದ. ಕೆಲಸಗಾರ ತನ್ನ ನಂಬರಿನ ಕೀಲಿ ತೂರಿಸಿದರೆ ಬಂದ ಹೊತ್ತು ಒಳಗಿನ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಕೀಲಿ ಕೆಲಸಗಾರನದು, ಕಾಗದ ಧಣಿಯದು. ಆ ಗಡಿಯಾರದ ವ್ಯಾಪಾರ ಕೈ ಬದಲಾಗುತ್ತ, ಬೇರೆ ಕಂಪನಿಗಳೊಡನೆ ಕೂಡುತ್ತ ಹೋಗಿ 1924ರಲ್ಲಿ ಐಬಿಎಂ ಎಂದು ಹೆಸರಿಟ್ಟುಕೊಂಡಿತು. ಹಲಗೂರಿನಿಂದ ಕನಕಪುರದ ಮೇಲೆ ಬೆಂಗಳೂರಿನ ಬಸ್ಸು ಹತ್ತುವ ನಮ್ಮ ಹುಡುಗರು ಇವತ್ತು ಕೊರಳಲ್ಲಿ ನೇತುಹಾಕಿಕೊಳ್ಳುವ ಕಾರ್ಡು ಆ ಕೀಲಿಯ ಮರಿಮಗ. ಊರಲ್ಲೇ ಉಳಿದವರಿಗೂ ಬಿಡುಗಡೆ ಸಿಗಲಿಲ್ಲ. ಉದ್ಯೋಗ ಖಾತ್ರಿ ಕೆಲಸಕ್ಕೆ 2021ರಲ್ಲಿ ಹಾಜರಿ ಆಪ್ ಬಂತು. ದಿನಕ್ಕೆ ಎರಡು ಹೊತ್ತು ಕೂಲಿಕಾರರ ಮುಂದಾಳಾದ ಕಾಯಕಬಂಧು ಎಲ್ಲರನ್ನೂ ನಿಲ್ಲಿಸಿ ಫೋಟೊ ಹೊಡೆದು ಮೇಲಕ್ಕೆ ಕಳಿಸಬೇಕಾಯಿತು. ಮಣ್ಣು ಹೊತ್ತವರ ಮುಖ ಮೋಡ ದಾಟಿ ಹೋಯಿತು, ಲೆಕ್ಕ ಅಲ್ಲೇ ಉಳಿಯಿತು.

ನಾನು ಮನೆಯಲ್ಲಿ ಕೂತು ಗಂಟೆಯ ಲೆಕ್ಕದಲ್ಲಿ ಅನುವಾದ ಮಾಡುವವನು. ನನಗೆ ಬೇಕಾದದ್ದು ಇದ್ದಿಲಿನ ಗೋಡೆ. ಅದು ಸಿಕ್ಕಿದ್ದು 2010ರಿಂದ ಮುಕ್ತ ತಂತ್ರಾಂಶಗಳನ್ನು ಹಂಚುತ್ತಿರುವ ಎಫ್-ಡ್ರಾಯ್ಡ್ ಎಂಬ ಸಂತೆಯಲ್ಲಿ. 'ಸಿಂಪಲ್ ಟೈಮ್ ಟ್ರ್ಯಾಕರ್' ಎಂದು ಹೆಸರು. ಕೆಲಸದ ಹೆಸರು ಒತ್ತಿದರೆ ಹೊತ್ತು ಓಡುತ್ತದೆ, ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ. ಲೆಕ್ಕ ನನ್ನ ಫೋನು ಬಿಟ್ಟು ಕದಲುವುದಿಲ್ಲ. ಬೇಕೆಂದಾಗ ಅಷ್ಟನ್ನೂ ಪಟ್ಟಿ ಮಾಡಿ ಇಳಿಸಿಕೊಡುತ್ತದೆ. ಅದರ ಒಳಗನ್ನು ಯಾರು ಬೇಕಾದರೂ ಓದಬಹುದು. ಓದಿ ಅರ್ಥವಾಗುವುದು ನನಗಲ್ಲ, ಆದರೆ ಓದಬಲ್ಲವರು ಇದ್ದಾರೆಂಬ ಭಯ ಬರೆದವನಿಗಿರುತ್ತದೆ. ಬಾಗಿಲು ತೆರೆದಿರುವುದರ ಬೆಲೆ ತಿಳಿದದ್ದು 2023ರ ಕೊನೆಯಲ್ಲಿ. ಆಗ 'ಸಿಂಪಲ್ ಮೊಬೈಲ್ ಟೂಲ್ಸ್' ಎಂಬ ಬೇರೊಂದು ಆಪ್ ಗುಂಪಿನ ಗಡಿಯಾರ, ಕ್ಯಾಲೆಂಡರು ಎಲ್ಲವನ್ನೂ ಅದರ ಕರ್ತೃ ಒಂದು ಕಂಪನಿಗೆ ಮಾರಿಬಿಟ್ಟ. ಮುಕ್ತ ಪರವಾನಗಿ ಇದ್ದುದರಿಂದ ಜೊತೆಯವರು ಅದೇ ಗಡಿಯಾರಕ್ಕೆ 'ಫಾಸಿಫೈ' ಎಂದು ಹೆಸರಿಟ್ಟು ಮುಂದುವರಿಸಿದರು.

ಇಷ್ಟೆಲ್ಲ ಹೇಳಿ ನನ್ನ ಟ್ರ್ಯಾಕರಿನಲ್ಲಿ ಅವ್ವನ ಒಂದು ದಿನವನ್ನು ಬರೆದಿಡಲು ಕೂತೆ. ಒಲೆಯ ಮೇಲೆ ಎಸರು, ಕೈಯಲ್ಲಿ ಕಡಲೆಕಾಯಿ, ಕಾಲಿನಿಂದ ಕೋಳಿ ಓಡಿಸುವುದು, ಬಾಯಲ್ಲಿ ಪಕ್ಕದ ಮನೆಯವರ ಸಮಾಚಾರ. ಒಟ್ಟೊಟ್ಟಿಗೆ ಹಲವು ಕೆಲಸ ಓಡಿಸುವ ಅನುಕೂಲ ಆ ಆಪ್‌ನಲ್ಲಿದೆ. ಸಂಜೆಗೆ ಕೂಡಿದರೆ ಅವ್ವನ ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಸಾಲಲಿಲ್ಲ. "ಅದ್ಕೆ ನಾನು ಲೆಕ್ಕ ಇಡಾಕಿಲ್ಲ, ಇಟ್ಟಿದ್ರೆ ನಿಮ್ಮಪ್ಪ ಸಾಲಗಾರ ಆಗೋಯ್ತಿದ್ದ" ಎಂದಳು.

ಆಪ್‌ನಿಂದ ನಿಜವಾಗಿ ಕೆಲಸ ತೆಗೆಸಿದವಳು ಚಿಕ್ಕಪ್ಪನ ಮಗಳು. ಮದ್ದೂರಿನ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಹೊತ್ತು ಹುಟ್ಟುವ ಮುಂಚೆ ವ್ಯಾನು, ಗಂಟೆಗಿಷ್ಟು ಪೀಸಿನ ಟಾರ್ಗೆಟ್ಟು. ಮೊದಲು ನನ್ನ ಪಟ್ಟಿ ನೋಡಿ ನಕ್ಕಳು: "ಇದೇನಣ್ಣ, ಯೋಚ್ನೆ ಅಂತ ಮೂರ್ ಗಂಟೆ ಬರ್ಕೊಂಡಿದ್ದೀಯ? ಇದ್ಕೂ ಕಾಸು ಕೊಟ್ಟಾರಾ?" ಆಮೇಲೆ ತನ್ನ ಫೋನಿಗೂ ಹಾಕಿಸಿಕೊಂಡಳು. ಓಟಿಗೆ ದುಪ್ಪಟ್ಟು ಕೂಲಿ ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು, ಆದರೆ ದುಪ್ಪಟ್ಟು ಮಾಡಲು ಮೊದಲು ಒಂದು ಸಂಖ್ಯೆ ಬೇಕಲ್ಲ. ತಿಂಗಳ ಕೊನೆಗೆ ಅವಳ ಸಂಖ್ಯೆಗೂ ಸಂಬಳದ ಚೀಟಿಯ ಸಂಖ್ಯೆಗೂ ತಾಳೆಯಾಗಲಿಲ್ಲ. ಪಟ್ಟಿ ಹಿಡಿದು ಹೋದಳು.

"ಇದಕ್ಕೆ ಯಾರಮ್ಮ ಸಹಿ ಹಾಕಿರೋದು?" ಎಂದು ಸೂಪರ್‌ವೈಸರ್ ಕೇಳಿದರಂತೆ.

"ನಿಮ್ಮ ಮಿಷಿನ್‌ಗೆ ಯಾರು ಹಾಕವ್ರೆ ಸಾ?"

ಒಂದಷ್ಟು ಬಾಕಿ ಬಂತು, ಇನ್ನೊಂದಷ್ಟಕ್ಕೆ ಓಡಾಟ ನಡೆದಿದೆ. ಎರಡನೆಯ ಗೋಡೆ ಎದ್ದ ಮೇಲೆ ಜಗಳವಾದರೂ ಸರಿಸಮ ಆಗಿದೆ. ಅವಳ ಪಟ್ಟಿಗೆ ಈಗ 'ಬಾಕಿ ಕೇಳಿದ್ದು' ಎಂಬ ಹೊಸ ಕೆಲಸವೊಂದು ಸೇರಿಕೊಂಡಿದೆ. ಅದನ್ನೂ ಓಟಿಯಲ್ಲೇ ಹಿಡಿಯಬೇಕು ಎನ್ನುವುದು ಅವಳ ವಾದ.