ಆರಡಿಯ ಹಾಸಿಗೆ

ಆರಡಿ ಉದ್ದದ ಒಂದು ಹಾಸಿಗೆ. ಅದನ್ನು ಬಿಟ್ಟು ಏಳಲಾರದ ರೋಗಿ. ಜಪಾನಿನ ಕಾವ್ಯಕ್ಕೆ ಹೊಸ ದೃಷ್ಟಿಯನ್ನು ನೀಡಿದ ಮಸಾವೊಕ ಶಿಕಿಯ ಕೊನೆಯ ವರ್ಷಗಳ ಪ್ರಪಂಚವು ಇಷ್ಟೇ ಆಗಿತ್ತು.

ಶಿಕಿಯು 1867ರಲ್ಲಿ ಮತ್ಸುಯಾಮ ಎಂಬ ಊರಿನಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡನು. ವಿದ್ಯಾಭ್ಯಾಸಕ್ಕೆಂದು ಟೋಕಿಯೋ ನಗರವನ್ನು ಸೇರಿದ ಈ ತರುಣನಿಗೆ ಬೇಸ್‌ಬಾಲ್ ಆಟವೆಂದರೆ ಪ್ರಾಣ. ಆದರೆ 1889ರಲ್ಲಿ ಆತನು ರಕ್ತ ಕಾರಿದನು. ಕ್ಷಯವು ಮೈಯನ್ನು ಹೊಕ್ಕಿತ್ತು. ರಕ್ತ ಕಾರುವವರೆಗೂ ಹಾಡುವುದೆಂದು ಪ್ರತೀತಿಯಿರುವ, ಕೋಗಿಲೆಯ ಜಾತಿಯ ಹಕ್ಕಿಯೊಂದರ ಹೆಸರನ್ನೇ ಆತನು ಕಾವ್ಯನಾಮವಾಗಿ ಇಟ್ಟುಕೊಂಡನು.

ಹೈಕು ಎಂಬ ಕಿರುಗವಿತೆಯು ಆ ಕಾಲಕ್ಕೆ ಸವಕಲಾಗಿತ್ತು. ಹಳೆಯ ಚಮತ್ಕಾರಗಳನ್ನು ಬಿಟ್ಟು, ಚಿತ್ರಕಾರನಂತೆ ಕಂಡದ್ದನ್ನು ಕಂಡಹಾಗೆ ಬರೆಯಬೇಕೆಂದು ಶಿಕಿಯು ವಾದಿಸಿದನು. ಜನರು ಪೂಜಿಸುತ್ತಿದ್ದ ಬಾಶೋ ಕವಿಯ ದೋಷಗಳನ್ನು ಎತ್ತಿ ತೋರಿಸಿ, ಬುಸೋನನನ್ನು ಮೆರೆಸಿದನು. ಈ ಉತ್ಸಾಹದಲ್ಲಿ ಯೌವನದ ದುಡುಕೂ ಇತ್ತೆನ್ನಬೇಕು.

1895ರಲ್ಲಿ ಪತ್ರಿಕೆಯ ವರದಿಗಾರನಾಗಿ ಚೀನಾಕ್ಕೆ ಹೋಗಿ ಹಿಂದಿರುಗುವಾಗ ರೋಗವು ಉಲ್ಬಣಿಸಿತು. ಬಳಿಕ ಅದು ಬೆನ್ನೆಲುಬಿಗೂ ಹಬ್ಬಿತು. ತಾಯಿ ಯಾಯೆ, ತಂಗಿ ರಿತ್ಸು ಇಬ್ಬರೇ ಆಸರೆ. ನೋವಿನ ಸಿಡುಕಿನಲ್ಲಿ ಶಿಕಿಯು ತಂಗಿಯನ್ನು ಕಲ್ಲುಮನಸ್ಸಿನವಳೆಂದು ದಿನಚರಿಯಲ್ಲಿ ಜರೆದನು. ಅವಳಿಲ್ಲದೆ ಆ ಮನೆಯು ಒಂದು ದಿನವೂ ನಡೆಯಲಾರದೆಂದು ಅಲ್ಲಿಯೇ ಒಪ್ಪಿಕೊಂಡನು. ಕಂಡದ್ದನ್ನು ಕಂಡಹಾಗೆ ಬರೆಯುವವನು ತನ್ನ ಸಣ್ಣತನವನ್ನೂ ಬಚ್ಚಿಡಲಿಲ್ಲ.

1899ರ ಕೊನೆಯಲ್ಲಿ ಆತನ ಕೋಣೆಗೆ ಕಾಗದದ ಬಾಗಿಲಿನ ಬದಲು ಗಾಜಿನ ಬಾಗಿಲನ್ನು ಹಾಕಿಸಲಾಯಿತು. ಚಳಿಗಾಲದಲ್ಲಿಯೂ ಹಿತ್ತಿಲು ಕಾಣತೊಡಗಿತು! ಮಲಗಿದಲ್ಲಿಂದಲೇ ಹೂವು, ಹಣ್ಣು, ಮಳೆ, ಹಿಮಗಳನ್ನು ನೋಡಿ ಆತನು ಬರೆದನು; ಬಣ್ಣಗಳಲ್ಲಿ ಚಿತ್ರಿಸಿದನು.

1902ರಲ್ಲಿ 'ಆರಡಿಯ ರೋಗಶಯ್ಯೆ' ಎಂಬ ಅರ್ಥದ ಹೆಸರಿನಲ್ಲಿ ಆತನ ಬರಹಗಳು 'ನಿಪ್ಪೋನ್' ಪತ್ರಿಕೆಯಲ್ಲಿ ಪ್ರಕಟವಾಗತೊಡಗಿದವು. ಆತನಿಗೆ ಆಯಾಸವಾದೀತೆಂದು ಸಂಪಾದಕರು ಒಂದು ದಿನ ಅಂಕಣವನ್ನು ನಿಲ್ಲಿಸಿದರು. ತನ್ನ ಪ್ರಾಣವಿರುವುದು ಅದರಲ್ಲಿಯೇ, ಬೆಳಗ್ಗೆ ಅದನ್ನು ಕಾಣದಿದ್ದರೆ ಬದುಕಲಾರೆನೆಂದು ಶಿಕಿಯು ಅಂಗಲಾಚಿದನು. ಅಂಕಣವು ಮತ್ತೆ ಬಂದಿತು. ಒಟ್ಟು 127 ಕಂತುಗಳು. ಕೊನೆಯದು ಪ್ರಕಟವಾದದ್ದು ಸೆಪ್ಟೆಂಬರ್ 17ರಂದು.

ಮರುದಿನ ಬೆಳಗ್ಗೆ ಆತನಿಗೆ ಮಾತೂ ಕಷ್ಟವಾಗಿತ್ತು. ಹಲಗೆಗೆ ಅಂಟಿಸಿದ ಕಾಗದವನ್ನು ತಂಗಿಯು ಎದುರಿಗೆ ಹಿಡಿದಳು. ಶಿಷ್ಯನೊಬ್ಬನು ಕುಂಚವನ್ನು ಕೈಗಿತ್ತನು. ಹಿತ್ತಿಲಿನಲ್ಲಿ ತುಪ್ಪದ ಹೀರೆಯ ಬಳ್ಳಿಯಿತ್ತು. ಅದರ ರಸವು ಕಫಕ್ಕೆ ಔಷಧಿ. ಆ ಹೀರೆಯನ್ನು ಕುರಿತೇ ಶಿಕಿಯು ನಡುಗುವ ಕೈಯಿಂದ ಮೂರು ಹೈಕುಗಳನ್ನು ಬರೆದನು. ಅಂದಿನ ರಾತ್ರಿ ಕಳೆದು ಬೆಳಗಾಗುವ ಮೊದಲೇ ಆತನು ತೀರಿಕೊಂಡನು. ಆಗ ಆತನಿಗೆ ಮೂವತ್ತೈದು ವರ್ಷವೂ ತುಂಬಿರಲಿಲ್ಲ.