ಎಣ್ಣೆಯ ಊರಿಂದ ರೇಷ್ಮೆಯ ಊರಿಗೆ

ತವರು ಅಂದಕೂಡಲೇ ನಿಮಗೆ ಏನು ನೆನಪಾಗುತ್ತದೋ ಕಾಣೆ. ನನಗಂತೂ ಆಗತಾನೇ ಹಿಂಡಿದ ಶೇಂಗಾ ಎಣ್ಣೆಯ ವಾಸನೆ! ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆಯಲ್ಲಿ, ಸೇರಿದ್ದು ಕೊಬ್ಬರಿಯ ಊರು ತಿಪಟೂರಿಗೆ. ಚಳ್ಳಕೆರೆಗೆ ‘ಎಣ್ಣೆ ನಗರಿ’ ಎಂದೇ ಹೆಸರು. ಎಣ್ಣೆ ವ್ಯಾಪಾರದಲ್ಲಿ ಬೊಂಬಾಯಿ ಬಿಟ್ಟರೆ ನಮ್ಮೂರೇ ಎಂದು ಹಿರಿಯರು ಮೀಸೆ ತಿರುವುತ್ತಿದ್ದುದನ್ನು ಕೇಳಿಕೊಂಡೇ ಬೆಳೆದವಳು ನಾನು. ಅಣ್ಣ ಒಂದು ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದ. ಮದುವೆಯಾದ ವರ್ಷದಿಂದ ಸುಗ್ಗಿ ಮುಗಿದ ಮೇಲೆ ನನಗೊಂದು 15 ಕೆ.ಜಿ. ಟಿನ್ನು ಎಣ್ಣೆ ಕಳಿಸುವುದು ಅವನ ಪದ್ಧತಿ. "ಕೊಬ್ಬರಿ ಊರಿಗೆ ಎಣ್ಣೆ ತರಿಸ್ಕೋತಾಳಲ್ಲಪ್ಪಾ" ಎಂದು ನಮ್ಮತ್ತೆಯವರು ನಗುತ್ತಿದ್ದರು. ನಕ್ಕರೂ ಪೂರಿ ಕರಿಯೋದು ಅದರಲ್ಲೇ!

2021ರ ಮೇ ತಿಂಗಳಲ್ಲಿ, ಕೊರೋನಾ ಎರಡನೇ ಅಲೆಯಲ್ಲಿ ಅಣ್ಣ ಹೋದ. ಲಾಕ್‌ಡೌನು, ಮುಖ ನೋಡುವುದಕ್ಕೂ ಆಗಲಿಲ್ಲ. ವರ್ಷಾಬ್ದಿಕಕ್ಕೆ ಒಮ್ಮೆ ಹೋಗಿ ಅವತ್ತೇ ಹಿಂತಿರುಗಿದ್ದೆ. ಆಮೇಲೆ ಹೋಗಲು ಕಾಲೇ ಬಂದಿರಲಿಲ್ಲ. ಈ ಸಲ ಮಗಳ ಮದುವೆ ನಿಶ್ಚಯವಾಯಿತು ನೋಡಿ, ಅತ್ತಿಗೆಯನ್ನು ಕರೆಯಬೇಕು, ಮೊಳಕಾಲ್ಮೂರಿಗೆ ಹೋಗಿ ಧಾರೆಗೆ ಒಂದು ಸೀರೆ ತರಬೇಕು ಎಂದು 2025ರ ನವೆಂಬರಿನಲ್ಲಿ ಹೊರಟೆ.

ಮೊಳಕಾಲ್ಮೂರಿಗೇ ಏಕೆ ಅಂತೀರಾ? ಅದಕ್ಕೊಂದು ಗುಟ್ಟಿದೆ. ನಮ್ಮವರಿಗೂ ಈ ಲೇಖನ ಓದಿದಾಗಲೇ ತಿಳಿಯುವುದು. ಅದೇ 2021ರ ಶ್ರಾವಣದಲ್ಲಿ ಅಂಗಡಿಗೆ ಹೋಗಲು ಹೆದರಿಕೆ, ಮೊಬೈಲಿನಲ್ಲೇ ಎಲ್ಲಾ. ಒಬ್ಬಾಕೆ ನಗುನಗುತ್ತಾ ಸೀರೆ ತೋರಿಸಿ "ಅಪ್ಪಟ ಮೊಳಕಾಲ್ಮೂರು ರೇಷ್ಮೆ, ಲಾಕ್‌ಡೌನಿಗೋಸ್ಕರ ಬರೇ 3,200" ಅಂದಳು. ನೇಕಾರರಿಗೂ ಸಹಾಯವಾಯಿತು ಅಂತ ಮೂರು ತೆಗೆದುಕೊಂಡೆ. ಹಬ್ಬಕ್ಕೆಂದು ಕೂಡಿಟ್ಟಿದ್ದ 9,600 ರೂಪಾಯಿ. ಬಂದದ್ದು ಉಟ್ಟರೆ ಮೈಗಂಟುವ ಪಾಲಿಯೆಸ್ಟರ್! ಫೋನು ಮಾಡಿದರೆ ನನ್ನ ನಂಬರನ್ನೇ ಆಕೆ ಮುಚ್ಚಿಬಿಟ್ಟಿದ್ದಳು. ಬಿಲ್ಲಿಲ್ಲ, ವಿಳಾಸವಿಲ್ಲ, ದುಡ್ಡು ಹೋದದ್ದು ಯಾರದೋ ಮೊಬೈಲ್ ನಂಬರಿಗೆ. ಅದರಲ್ಲೊಂದು ಸೀರೆಯನ್ನು ಈಗ ಬ್ಯಾಗಿನ ತಳಕ್ಕೆ ತುರುಕಿಕೊಂಡೇ ಹೊರಟೆ, ನೇಯುವವರಿಗೇ ತೋರಿಸೋಣ ಅಂತ.

ಹುಳಿಯಾರು, ಹಿರಿಯೂರು ಮೇಲೆ ದಾರಿ. ಸರ್ಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ನಮಗೆ ಸೊನ್ನೆ ರೂಪಾಯಿ ಟಿಕೆಟ್ಟು. 2023ರ ಜೂನ್ 11ರಿಂದ ‘ಶಕ್ತಿ’ ಬಂದ ಮೇಲೆ ಬಸ್ಸಿನ ತುಂಬ ಹೆಂಗಸರೇ. ಆದರೆ ಖಾಸಗಿ ಬಸ್ಸಿಗೆ ಇದು ನಡೆಯುವುದಿಲ್ಲ, ನಮ್ಮ ದುರ್ಗದ ಸೀಮೆಯಲ್ಲಿ ಅವೇ ಹೆಚ್ಚು. ಹತ್ತುವ ಮುಂಚೆ ನೋಡಿಕೊಳ್ಳಿ. ಹಿರಿಯೂರಲ್ಲಿ ಹತ್ತಿದ ಅಜ್ಜಿಯೊಬ್ಬರು ಮಾರಿಕಣಿವೆಯ ಕೋಡಿ ಬಿದ್ದದ್ದನ್ನು ಕಣ್ಣಾರೆ ಕಂಡೆ ಎಂದು ಚಳ್ಳಕೆರೆ ಬರುವ ತನಕ ಹೇಳಿದರು. 1933ರಲ್ಲಿ ಬಿದ್ದಿದ್ದ ಕೋಡಿ ಮತ್ತೆ ಬಿದ್ದದ್ದು 2022ರಲ್ಲೇ ಅಲ್ಲವೇ, ಹೇಳಲಿ ಬಿಡಿ.

ಚಳ್ಳಕೆರೆಯಲ್ಲಿ ಇಳಿದೆ. ಮೂಗು ಅರಳಿಸಿದೆ. ವಾಸನೆ ಎಲ್ಲಿ? ನಾನು ಹೈಸ್ಕೂಲು ಮುಗಿಸುವ ಹೊತ್ತಿಗೇ, 1994ರಿಂದ ಹೊರದೇಶದ ಪಾಮ್ ಎಣ್ಣೆ ಸಲೀಸಾಗಿ ಬರತೊಡಗಿತ್ತು. ನಮ್ಮದೋ ರಾಜ್ಯದಲ್ಲೇ ಕಡಿಮೆ ಮಳೆಯ ತಾಲ್ಲೂಕುಗಳಲ್ಲೊಂದು. ಮಳೆ ಕೈಕೊಟ್ಟರೆ ಶೇಂಗಾ ಇಲ್ಲ, ಶೇಂಗಾ ಇಲ್ಲದಿದ್ದರೆ ಮಿಲ್ಲಿಗೆ ಕೆಲಸವಿಲ್ಲ. ಒಂದೊಂದಾಗಿ ಮಿಲ್ಲುಗಳು ಬಾಗಿಲು ಹಾಕುತ್ತಾ ಬಂದವು. ಹೆಸರು ಮಾತ್ರ ಎಣ್ಣೆ ನಗರಿ ಅಂತಲೇ ಇದೆ.

"ಬಾರಮ್ಮಾ, ಈಗ ನೆಪ್ಪಾಯ್ತಾ ನಾವು?" ಅಂದರು ಅತ್ತಿಗೆ. ಬಾಗಿಲಲ್ಲೇ ಇಬ್ಬರೂ ಅತ್ತದ್ದಾಯಿತು. ಕೈಕಾಲು ತೊಳೆದು ಅಡಿಗೆಮನೆಗೆ ಹೋದೆ ನೋಡಿ, ಒಲೆಯ ಪಕ್ಕ ಕತ್ತರಿಸಿಟ್ಟ ಪಾಮ್ ಎಣ್ಣೆಯ ಪೊಟ್ಟಣ! ಆ ಮನೆಯಲ್ಲಿ, ಅಣ್ಣನ ಮನೆಯಲ್ಲಿ! ನನ್ನ ಮುಖ ನೋಡಿ ಅತ್ತಿಗೆಯೇ ಹೇಳಿದರು: "ಇದು 130 ರೂಪಾಯಿ, ಗಾಣದ ಎಣ್ಣೆ 280. ನಾನೇನು ಮಾಡ್ಲಿ ಹೇಳು?"

ಏನು ಹೇಳಲಿ? ನನ್ನ ಮನೆಯ ಲೆಕ್ಕದ ಪುಸ್ತಕವೇ ಅದನ್ನು ಹೇಳುತ್ತದೆ. 2020ರ ಆರಂಭದಲ್ಲಿ ಸೂರ್ಯಕಾಂತಿ ಎಣ್ಣೆಗೆ ನೂರರ ಆಸುಪಾಸು ಬರೆದಿದ್ದೇನೆ. 2022ರ ಏಪ್ರಿಲಿಗೆ 190. ಯುಕ್ರೇನಿನಲ್ಲಿ ಯುದ್ಧವಾದರೆ ನಮ್ಮ ಒಗ್ಗರಣೆಗೆ ಏಕೆ ತಟ್ಟಬೇಕು ಅಂತ ಆಗ ನಾನೂ ಗೊಣಗಿದ್ದೆ. ತಟ್ಟುತ್ತದೆ, ಏಕೆಂದರೆ ನಮ್ಮ ದೇಶ ಅಡಿಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದಲೇ ತರಿಸುತ್ತದೆ. ಸೂರ್ಯಕಾಂತಿ ಬಹುಪಾಲು ಬರುತ್ತಿದ್ದದ್ದು ಯುಕ್ರೇನು, ರಷ್ಯಾಗಳಿಂದ. ಅದೇ ಏಪ್ರಿಲ್ ಕೊನೆಗೆ ಇಂಡೋನೇಷ್ಯಾದವರು ಪಾಮ್ ಎಣ್ಣೆ ರಫ್ತನ್ನೂ ಮೂರು ವಾರದ ಮೇಲೆ ನಿಲ್ಲಿಸಿಬಿಟ್ಟರು. ಚಿಕ್ಕಪ್ಪನ ಮೊಮ್ಮಗಳು ಇಂಗ್ಲೆಂಡಿನಲ್ಲಿ ನರ್ಸು. ಅಲ್ಲಿ ದೊಡ್ಡ ದೊಡ್ಡ ಅಂಗಡಿಗಳಲ್ಲೇ ಒಬ್ಬರಿಗೆ ಎರಡೋ ಮೂರೋ ಬಾಟಲಿ ಎಣ್ಣೆ ಅಂತ ಲೆಕ್ಕ ಇಟ್ಟಿದ್ದರಂತೆ. ಆ ವರ್ಷದ ಅಕ್ಟೋಬರಿನಲ್ಲಿ ಬ್ರಿಟನ್ನಿನ ಬೆಲೆಯೇರಿಕೆ ಶೇ. 11ನ್ನು ದಾಟಿ, ನಲವತ್ತು ವರ್ಷದಲ್ಲಿ ಕಾಣದಷ್ಟಾಯಿತು. ಚಳಿಗೆ ಹೀಟರು ಹಚ್ಚಲೂ ಲೆಕ್ಕ ಹಾಕ್ತೀವಿ ಚಿಕ್ಕಮ್ಮಾ ಅಂದಿದ್ದಳು. ಪೌಂಡು ಎಣಿಸುವವರ ಮನೆಯಲ್ಲೂ ಅದೇ ಪಾಡು ನೋಡಿ.

ಅತ್ತಿಗೆಯ ಪಾಡು ಎಣ್ಣೆಗೇ ಮುಗಿಯುವುದಿಲ್ಲ. ಅಣ್ಣ ಹೋದ ಮೇಲೆ ಸರ್ಕಾರದ 1 ಲಕ್ಷ, ಆಮೇಲೆ ಸುಪ್ರೀಂ ಕೋರ್ಟು ಹೇಳಿದ ಮೇಲೆ 50 ಸಾವಿರ ಬಂತು. ಬಂದದ್ದು ಆಸ್ಪತ್ರೆಯ ಕೈಸಾಲಕ್ಕೆ ಹೋಯಿತು. ಮಗನ ಆನ್‌ಲೈನ್ ಪಾಠಕ್ಕೆ ಮೊಬೈಲು, ತಮಗೆ ಹೊಲಿಗೆ ಮಿಷಿನ್ನು ಎಂದು ಸಂಘದ ಸಾಲ 40 ಸಾವಿರ ತೆಗೆದರು. ವಾರಕ್ಕೆ 900ರಂತೆ 52 ವಾರ. "ಬಡ್ಡಿ ಎಷ್ಟು ಅತ್ತಿಗೆ?" ಅಂದರೆ "ಏನೋ ನೂರಕ್ಕೆ ಹದಿನೇಳಂತೆ" ಅಂದರು. ಕೂತು ಲೆಕ್ಕ ಹಾಕಿದೆ. ಕಟ್ಟುವುದು 46,800, ಹೆಚ್ಚಿಗೆ 6,800. ನೋಡಲು ಹದಿನೇಳೇ. ಆದರೆ ಅಸಲು ವಾರವಾರವೂ ಕರಗುತ್ತಾ ಬರುತ್ತದಲ್ಲ, ವರ್ಷವಿಡೀ ನಮ್ಮ ಕೈಯಲ್ಲಿ 40 ಸಾವಿರ ಎಲ್ಲಿ ಇತ್ತು? ಸರಾಸರಿ ಇಪ್ಪತ್ತು ಸಾವಿರ ಚಿಲ್ಲರೆ. ಹಾಗಾಗಿ ನಿಜವಾದ ಬಡ್ಡಿ ಅದರ ಹೆಚ್ಚುಕಡಿಮೆ ಎರಡರಷ್ಟು! ನೀವೂ ಸಹಿ ಹಾಕುವ ಮುಂಚೆ ಹೀಗೊಮ್ಮೆ ಕೂಡಿ ಕಳೆದು ನೋಡಿ. ಆ ಸಾಲ ತೀರಿಸಲು ಇನ್ನೊಂದು ಸಂಘದಲ್ಲಿ ಸಾಲ, ಕಂತು ತಪ್ಪಿದ ವಾರ ಬಾಗಿಲ ಮುಂದೆ ಜೋರು ಮಾತು. ಗೃಹಲಕ್ಷ್ಮಿಯ 2,000 ಬಂದ ದಿನವೇ ಕಂತಿಗೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಸಾಲ ವಸೂಲಿಗೆ ಬಂದು ಬೆದರಿಸಿದರೆ ಜೈಲು ಅಂತ ಮಾಡಿದ ಮೇಲೆ ಜೋರು ಮಾತು ನಿಂತಿತಂತೆ. ಎಲ್ಲಾ ಸಾಲವೂ ಮನ್ನಾ ಅಂತ ಕೆಲವರು ತಪ್ಪು ತಿಳಿದರು, ಹಾಗಲ್ಲ, ನೋಂದಣಿಯಾದ ಸಂಸ್ಥೆಯ ಸಾಲವಾದರೆ ಕಂತು ಕಟ್ಟಲೇಬೇಕು.

ಸಂಜೆ ಇಬ್ಬರೂ ಪೇಟೆಗೆ ಹೋದೆವು. ಅಂಗಡಿಯಲ್ಲಿ ಒಂದೇ ಎತ್ತರದ ಎರಡು ಎಣ್ಣೆ ಪೊಟ್ಟಣ. ಒಂದು 142 ರೂಪಾಯಿ, ಒಂದು 128. ಅತ್ತಿಗೆಯ ಕೈ 128ರ ಕಡೆಗೆ. ನಾನು ಕನ್ನಡಕ ಏರಿಸಿ ಹಿಂದುಮುಂದು ಓದಿದೆ: ಮೊದಲನೆಯದು 910 ಗ್ರಾಂ, ಅಂದರೆ ಸರಿಯಾಗಿ ಒಂದು ಲೀಟರು. ಎರಡನೆಯದು 800 ಗ್ರಾಂ! ನೂರು ಗ್ರಾಮಿಗೆ ಲೆಕ್ಕ ಹಾಕಿದರೆ 142ರದ್ದು 15 ರೂಪಾಯಿ 60 ಪೈಸೆ, 128ರದ್ದು 16 ರೂಪಾಯಿ. ಕೊರೋನಾ ಆದ ಮೇಲೆ ಬಿಸ್ಕತ್ತು, ಸೋಪು, ಎಣ್ಣೆ, ಎಲ್ಲದರ ಪೊಟ್ಟಣವೂ ಗೊತ್ತಾಗದಂತೆ ಬಡವಾಗಿದೆ, ಬೆಲೆ ಮಾತ್ರ ಹಾಗೇ. ತೂಕವನ್ನೂ, ಒಂದೊಂದು ಗ್ರಾಮಿಗೋ ಲೀಟರಿಗೋ ಎಷ್ಟು ಬಿತ್ತೆಂಬುದನ್ನೂ ಅಚ್ಚು ಹಾಕಬೇಕೆಂದು ಈಗ ನಿಯಮವಿದೆ. ಅಕ್ಷರ ಸಾಸಿವೆಯಷ್ಟಿರುತ್ತದೆ, ನಾಚಿಕೆ ಬಿಟ್ಟು ಅಂಗಡಿಯವರ ಕೈಲೇ ಓದಿಸಿ. ಅಂಗಡಿಯ ಹುಡುಗ "ಏನಮ್ಮಾ ಇನ್ಸ್‌ಪೆಕ್ಟರಾ ನೀವು?" ಅಂದ. ಅತ್ತಿಗೆ ಸೆರಗು ಬಾಯಿಗಿಟ್ಟು ನಕ್ಕರು. ಅವರು ನಕ್ಕದ್ದನ್ನು ಕಂಡು ಎಷ್ಟು ದಿನವಾಗಿತ್ತು!

ಮರುದಿನ ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಮೊಳಕಾಲ್ಮೂರು ಬಸ್ಸು ಹತ್ತಿದೆವು. ಬಳ್ಳಾರಿ ಹೆದ್ದಾರಿ. ಎರಡೂ ಕಡೆ ಕಿತ್ತು ಒಣಹಾಕಿದ ಶೇಂಗಾ ಬಳ್ಳಿ, ಬರಬರುತ್ತಾ ಬಂಡೆಗಳನ್ನು ಯಾರೋ ಕೈಯಾರೆ ಪೇರಿಸಿಟ್ಟಂಥ ಗುಡ್ಡಗಳು. ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಮೊಳಕಾಲ್ಮೂರು. ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವ ಗಡಿಯೂರು. ಅತ್ತಿಗೆಯ ಪರಿಚಯದವರೊಬ್ಬರು ನೇಕಾರರ ಮನೆಗೆ ಕರೆದೊಯ್ದರು.

ಒಳಗೆ ಕಾಲಿಟ್ಟರೆ ಮೂರು ಗುಂಡಿಮಗ್ಗ. ಎರಡರ ಮೇಲೆ ಹಳೇ ಚೀಲ, ಪಾತ್ರೆ. ಒಂದರಲ್ಲಿ ಗಂಡ ಕೂತು ನೇಯುತ್ತಿದ್ದರೆ, ಹೆಂಡತಿ ಪಕ್ಕದಲ್ಲಿ ಅಂಚಿನ ಲಾಳಿ ತಳ್ಳುತ್ತಿದ್ದಳು. ಅಂಚಿಗೆ ಒಂದು ಬಣ್ಣ, ಒಡಲಿಗೆ ಒಂದು ಬಣ್ಣ ಬರಬೇಕಾದರೆ ಮೂರು ಲಾಳಿ ಬೇಕು, ಒಬ್ಬರಿಂದ ಆಗದ ಕೆಲಸ. ಒಂದು ಸೀರೆಗೆ ಇಬ್ಬರೂ ಕೂತರೆ ಎಂಟು ಹತ್ತು ದಿನ. ನೂಲು, ಜರಿ ಕೊಡುವವರು ಬೇರೆ, ಇವರಿಗೆ ಕೂಲಿ. "ಲಾಕ್‌ಡೌನಾಗೆ ನೂಲೇ ಬರ್ಲಿಲ್ಲಕ್ಕಾ. ನೇಯ್ದಿದ್ದ ಸೀರೇನೂ ಯಾರೂ ಕೇಳ್ಲಿಲ್ಲ. ಮದ್ವೆಗಳೇ ನಿಂತೋದ್ವಲ್ಲ" ಅಂದಳು ಆಕೆ. 2020ರಲ್ಲಿ ‘ನೇಕಾರ ಸಮ್ಮಾನ’ ಅಂತ ವರ್ಷಕ್ಕೆ 2,000 ಬಂತು, ಆಮೇಲೆ ಅದು 5,000 ಆಯಿತು. ಅಷ್ಟರಲ್ಲಿ ದೊಡ್ಡ ಮಗ ಬೆಂಗಳೂರಿಗೆ ಗಾರ್ಮೆಂಟ್ಸ್ ಸೇರಿಯಾಗಿತ್ತು; ಎರಡನೇ ಮಗ್ಗ ಅವನದು.

ಆಗ ನಾನು ಬ್ಯಾಗಿನಿಂದ ನನ್ನ ಸೀರೆ ತೆಗೆದೆ. ಆ ಮನುಷ್ಯ ಮುಟ್ಟಿಯೂ ನೋಡಲಿಲ್ಲ, ನಕ್ಕುಬಿಟ್ಟ. ಆಕೆ ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದಳು. ಎಳೆ ಕರಗಿ ಗಟ್ಟಿ ಮಣಿಯಾಯಿತು. ಮಗ್ಗದಿಂದ ಒಂದು ರೇಷ್ಮೆ ಎಳೆ ತಂದು ಸುಟ್ಟರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಬರೀ ಬೂದಿ. "ಎಷ್ಟು ಕೊಟ್ರಿ ಅಕ್ಕಾ?" ಅಂದಳು. ಹೇಳಿದೆ. "ಅದಕ್ಕೇ ನಮ್ಮ ಸೀರೆ ಬೆಲೆ ಕೇಳಿದೋರು ನಮ್ಮನ್ನೇ ಕಳ್ಳರ ತರ ನೋಡ್ತಾರೆ" ಎಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ನೇಕಾರರಿಗೆ ಸಹಾಯ ಅಂತ ಅಂದುಕೊಂಡವಳು ನಾನೇ ಅಲ್ಲವೇ!

ಮೊಳಕಾಲ್ಮೂರು ಸೀರೆಗೆ 2011ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ, ಅಂದರೆ ಬೇರೆ ಕಡೆಯದನ್ನು ಈ ಹೆಸರಿನಲ್ಲಿ ಮಾರುವ ಹಾಗಿಲ್ಲ. ನೀವು ಅಂಗಡಿಯಲ್ಲಿ ಕೊಳ್ಳುವಾಗ ರೇಷ್ಮೆಗೆ ಸಿಲ್ಕ್ ಮಾರ್ಕ್, ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಕೇಳಿ. ಎರಡೂ ಬೇರೆ ಬೇರೆ. ರೇಷ್ಮೆಯನ್ನೇ ಪವರ್‌ಲೂಮಿನಲ್ಲೂ ನೇಯುತ್ತಾರೆ. ಬಿಲ್ಲು ಬಿಡಬೇಡಿ. 2020ರ ಜುಲೈಯಿಂದ ಹೊಸ ಗ್ರಾಹಕರ ಕಾಯ್ದೆ ಜಾರಿಯಲ್ಲಿದೆ. ಮಾರಿದವರು ಎಲ್ಲೇ ಇರಲಿ, ನೀವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಮೊದಲು 1915ಕ್ಕೆ ಫೋನು ಮಾಡಿ ಕೇಳಬಹುದು. ಮೊಬೈಲಿನಲ್ಲಿ ಮೋಸ ಹೋದದ್ದಾದರೆ ತಡಮಾಡದೆ 1930. ನಾನು ಇದನ್ನೆಲ್ಲಾ ತಿಳಿದುಕೊಳ್ಳುವಷ್ಟರಲ್ಲಿ ತಿಂಗಳುಗಳು ಕಳೆದಿದ್ದವು, ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಸೀರೆ ಆರಿಸಿದೆ. ಬದನೆಕಾಯಿ ಬಣ್ಣದ ಒಡಲು, ಸಾಸಿವೆ ಹೂವಿನ ಬಣ್ಣದ ಅಂಚು. 13,500. ಚೌಕಾಸಿ ಮಾಡಲು ಬಾಯಿ ಬರಲಿಲ್ಲ ಅಂದರೆ ನಂಬುತ್ತೀರಾ? ನಮ್ಮವರು ಖಂಡಿತ ನಂಬುವುದಿಲ್ಲ.

ಇಷ್ಟು ದೂರ ಬಂದು ಅಶೋಕನ ಶಾಸನ ನೋಡದಿದ್ದರೆ ಹೇಗೆ ಎಂದು ಆಟೋ ಮಾಡಿಕೊಂಡು ಬ್ರಹ್ಮಗಿರಿಗೆ ಹೋದೆವು. ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಇವೆ. ಬೆಟ್ಟ ಹತ್ತಲು ನನ್ನ ಮಂಡಿ ಒಪ್ಪಲಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಎಂಬವರು ಇವನ್ನು ಪತ್ತೆ ಹಚ್ಚಿದರಂತೆ. ತಂದೆ ತಾಯಿಯ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿಡಿ, ನಿಜ ನುಡಿಯಿರಿ ಎಂದು ಎರಡು ಸಾವಿರದ ಇನ್ನೂರು ಚಿಲ್ಲರೆ ವರ್ಷದ ಹಿಂದೆ ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಅತ್ತಿಗೆ ಕೇಳಿ, "ಸೀರೆ ಮಾರೋಳಿಗೆ ಇದನ್ನ ತೋರಿಸ್ಬೇಕಿತ್ತು ಕಣಮ್ಮಾ" ಎಂದರು.

ಹೊರಡುವ ದಿನ ಅತ್ತಿಗೆ ಬೆಳಿಗ್ಗೆಯೇ ಮಾಯ. ಬಂದಾಗ ಕೈಯಲ್ಲಿ ಐದು ಲೀಟರಿನ ಕ್ಯಾನು! ತಂಗಿಯ ಹೊಲದ ಕಾಳಂತೆ, ಮುಂಚೆಯೇ ತಂದಿಟ್ಟು ಗಾಣದಲ್ಲಿ ಆಡಿಸಿದ್ದರು. ಎರಡೂವರೆ ಕೆ.ಜಿ. ಕಾಳಿಗೆ ಒಂದು ಕೆ.ಜಿ. ಎಣ್ಣೆ ಬಂದರೆ ಹೆಚ್ಚು. ನನಗೆ ಆ ಲೆಕ್ಕ ಗೊತ್ತು. ತಾವು ಪಾಮ್ ಎಣ್ಣೆಯಲ್ಲಿ ಒಗ್ಗರಣೆ ಹಾಕಿಕೊಂಡು! "ಬೇಡ ಅತ್ತಿಗೆ" ಅಂದೆ. "ನಿಮ್ಮಣ್ಣ ಇದ್ದಿದ್ರೆ ಟಿನ್ನೇ ಕೊಡೋರು, ನನ್ ಕೈಲಿ ಆದದ್ದು ಇಷ್ಟು" ಎಂದರು. ನಾನು ಸದ್ದಿಲ್ಲದೆ ಅಕ್ಕಿ ಡಬ್ಬಿಯಲ್ಲಿಟ್ಟಿದ್ದ 5,000ವನ್ನು ಕಂಡುಹಿಡಿದು ತಂದು ಕೈಗೇ ಹಾಕಿದರು, ಮುಖ ಕೆಂಪಾಗಿತ್ತು. ನನಗೂ ತಪ್ಪು ಅನ್ನಿಸಿತು. ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಮದುವೆಗೆ ಹದಿನಾಲ್ಕು ರವಿಕೆ ಹೊಲಿಸಬೇಕು ಅತ್ತಿಗೆ, ನಮ್ಮೂರಲ್ಲಿ ಕೇಳೋ ಕೂಲಿ ಕೇಳಿದರೆ ತಲೆ ತಿರುಗುತ್ತೆ" ಅಂದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಅಳತೆ ಪಟ್ಟಿ ತಂದರು. ಮುಂಗಡ ಅಂತ 2,000 ಮಾತ್ರ ತೆಗೆದುಕೊಂಡು, ಮಿಷಿನ್ನಿನ ಡ್ರಾಯರಿನಲ್ಲಿದ್ದ ಪುಸ್ತಕದಲ್ಲಿ ನನ್ನ ಹೆಸರು ಬರೆದು ತಾರೀಕು ಹಾಕಿದರು, ಥೇಟ್ ಅಣ್ಣನ ಹಾಗೆ.

ಬಸ್ಸಿನಲ್ಲಿ ಸೀರೆಯ ಪೊಟ್ಟಣ ಮಡಿಲಲ್ಲಿಟ್ಟುಕೊಂಡೇ ಬಂದೆ. ಕ್ಯಾನಿನ ಮುಚ್ಚಳ ಎಲ್ಲೋ ಸಡಿಲವಾಗಿತ್ತು. ಹುಳಿಯಾರು ದಾಟುವಷ್ಟರಲ್ಲಿ ಬಸ್ಸಿನ ತುಂಬ ಶೇಂಗಾ ಎಣ್ಣೆಯ ಘಮ, ಬ್ಯಾಗಿನ ತಳವೆಲ್ಲಾ ಎಣ್ಣೆ. ಗಾಬರಿಯಿಂದ ತೆಗೆದು ನೋಡಿದರೆ ಹೋದದ್ದು ಒಂದು ಲೋಟದಷ್ಟೇ. ಅಷ್ಟನ್ನೂ ಕುಡಿದು ಕೂತಿತ್ತು, ತಳದಲ್ಲಿದ್ದ ಆ 3,200ರ ಸೀರೆ.