ಚೌಕಟ್ಟಿಲ್ಲದ ಕದ

ಹೊಸ ವರ್ಷಕ್ಕೆಂದು ಬೆಂಗಳೂರಿನ ಮಗಳು ಒಂದು ಪಂಥ ಕಟ್ಟಿದಳು. ಜನವರಿ ಒಂದಕ್ಕೆ ಮನೆಯಿಂದ ಒಂದು ಬೇಡದ ಸಾಮಾನು ಹೊರಗೆ, ಎರಡಕ್ಕೆ ಎರಡು, ಹೀಗೆ ಮೂವತ್ತೊಂದರವರೆಗೆ. ತಿಂಗಳು ಮುಗಿಯುವ ಹೊತ್ತಿಗೆ 496 ಸಾಮಾನು ಹೋಗಿರಬೇಕು. ಗಣಿತ ಸರಿಯಿದೆ. ತಿಂಗಳೇ ತಪ್ಪು.

ಬದಾಮಿ ಸೀಮೆಯಲ್ಲಿ ಇದು ಸಾಮಾನು ತರುವ ಕಾಲ. ಪುಷ್ಯದ ಬನದ ಹುಣ್ಣಿಮೆಗೆ ಬನಶಂಕರಿ ತೇರು ಎಳೆದರೆ ಮುಂದೆ ವಾರಗಟ್ಟಲೆ ಜಾತ್ರೆ. ರಾತ್ರಿ ನಾಟಕ ಕಂಪನಿಗಳ ಗದ್ದಲ, ಹಗಲು ಬಾಗಿಲು, ಕಿಟಕಿ, ಚೌಕಟ್ಟುಗಳ ಸಾಲು. ಬೇರೆ ಜಾತ್ರೆಗಳಿಂದ ಜನ ಬೆಂಡು ಬತ್ತಾಸು ತರುತ್ತಾರೆ, ಇಲ್ಲಿಂದ ಬಾಗಿಲನ್ನೇ ಹೇರಿಕೊಂಡು ಬರುತ್ತಾರೆ.

ಆದರೂ ಮಗಳ ಮಾತು. ಮೊದಮೊದಲು ಸಲೀಸಾಗಿತ್ತು: ಯಾವ ಫೋನಿಗೂ ಹೊಂದದ ಚಾರ್ಜರ್, ಮುಚ್ಚಳ ಕಳೆದ ಥರ್ಮಾಸು, ಯಾರದೋ ಮದುವೆಯ ಗೋಡೆ ಗಡಿಯಾರ. ಗಡಿಯಾರವನ್ನು ಮೋಡಕಾದವನೂ ಬೇಡವೆಂದ. ಅವನ ಮನೆಯಲ್ಲೂ ಇವೆಯಂತೆ. ಬಟ್ಟೆಯ ಸರದಿ ಬಂದಾಗ ಲೆಕ್ಕ ಕೆಟ್ಟಿತು. ಹಳೆ ಅರಿವಿ ಕೊಟ್ಟರೆ ಭಾಂಡೆ ಮಾರುವವಳು ಸ್ಟೀಲ್ ಡಬರಿ ಕೊಟ್ಟು ಹೋಗುತ್ತಾಳೆ. ಹೋದದ್ದು ಪ್ಯಾಂಟು, ಬಂದದ್ದು ಡಬರಿ. ಮಗಳು ಇದನ್ನು ಒಪ್ಪಲಿಲ್ಲ.

ಅವ್ವನ ಟ್ರಂಕಿಗೆ ಕೈ ಹಾಕುವ ಧೈರ್ಯ ನನಗಿರಲಿಲ್ಲ, ಹೆಂಡತಿಗಿತ್ತು. ತುಂಬ ಇಳಕಲ್ಲ ಸೀರೆಗಳು. ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸುನೂಲನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ನೇಯ್ಗೆ. ಒಡಲು ಜಾಳುಜಾಳಾಗಿದ್ದರೂ ಕೊಂಡಿ ಬಿಟ್ಟಿರಲಿಲ್ಲ, ಕೆಂಪು ಸೆರಗಿನ ಟೋಪ ತೆನಿ ಮಾಸಿರಲಿಲ್ಲ. ಸಾಮಾನನ್ನು ಕೈಯಲ್ಲಿ ಹಿಡಿದು ಖುಷಿ ಆಗುತ್ತದೆಯೇ ನೋಡಬೇಕು, ಆಗದಿದ್ದರೆ ಬಿಡಬೇಕು ಎನ್ನುವುದು ಜಪಾನಿನ ಮಾರಿ ಕೊಂಡೊ ಅವರ ಪದ್ಧತಿ. ಮಗಳು ವಿಡಿಯೋ ಕಾಲ್‌ನಲ್ಲಿ ಅದನ್ನು ಅಜ್ಜಿಗೆ ವಿವರಿಸಿದಳು.

"ಖುಷಿ ಯಾಕ ಆಗಬೇಕವ್ವಾ? ಇದು ಕೌದಿ ಆಗಬೇಕು" ಎಂದಳು ಅವ್ವ.

ಜಿಪುಣಿ ಎಂದು ನಗುವಂತಿಲ್ಲ. ಈ ಆಟವನ್ನು ಅವಳು ಒಮ್ಮೆ ಪೂರಾ ಆಡಿ ಮುಗಿಸಿದವಳು. ಆಲಮಟ್ಟಿಯ ಹಿನ್ನೀರು ಘಟಪ್ರಭೆಗುಂಟ ಏರಿ ಬಾಗಲಕೋಟೆಗೆ ಬರುತ್ತದೆ ಎಂದಾಗ, ಮನೆಯನ್ನು ಅಂಕಣದಲ್ಲಿ ಎಣಿಸುತ್ತಿದ್ದ ಊರು ಸಮುದ್ರಮಟ್ಟದಿಂದ ಎಷ್ಟು ಮೀಟರು ಎಂದು ಮಾತಾಡಲು ಕಲಿಯಿತು. ಜಲಾಶಯಕ್ಕೆ 519.60 ಮೀಟರು ಎಂಬುದು ಹೆಂಗಸರ ಬಾಯಲ್ಲೂ ಬಂತು. ಹೋಗಬೇಕಾದದ್ದು ನವನಗರಕ್ಕೆ, ಅಲ್ಲಿ ಓಣಿಗೆ ಹೆಸರಿಲ್ಲ, ಸೆಕ್ಟರ್ ನಂಬರು. ಪಡಸಾಲೆ, ನಡುಮನೆ, ಹಗೇವು ಎಲ್ಲ ಇದ್ದ ಮನೆಯಿಂದ ಸೈಟಿನಲ್ಲಿ ಹಿಡಿಸುವಷ್ಟೇ ತರಬೇಕು. ಹಗೇವು ಹೇಗೆ ತರುವುದು? ಬೀಸುಕಲ್ಲು ಬಂತು, ಒಳಕಲ್ಲು ನೆಲ ಬಿಡಲಿಲ್ಲ. ತಲಬಾಗಿಲಿನ ಎರಡು ಕದ ಬಂದವು, ಚೌಕಟ್ಟು ಗೋಡೆ ಬಿಟ್ಟು ಬರಲಿಲ್ಲ. ಹೊಸ ಮನೆಗೆ ಆ ಕದ ದೊಡ್ಡವಾದವು. ಅಂದಿನಿಂದ ಪಾವಟಿಗೆಯ ಕೆಳಗೆ ಗೋಡೆಗೆ ಒರಗಿವೆ.

ಪಂಥ ಕೊನೆಗೆ ಅವುಗಳ ಮುಂದೆ ಬಂದು ನಿಂತಿತು. ಇದು ಒಂದು ಸಾಮಾನೋ ಎರಡೋ ಎಂದು ನಾನೂ ಮಗಳೂ ಫೋನಿನಲ್ಲಿ ವಾದಿಸುತ್ತಿರುವಾಗಲೇ ಹಳೆ ಸಾಗವಾನಿ ಕೊಳ್ಳುವವನೊಬ್ಬ ಸುದ್ದಿ ಹಿಡಿದು ಬಂದ. ರೇಟು ಕೇಳಿ ನನಗೆ ಆಸೆಯಾಯಿತು.

"ಎಲ್ಲಿ ಹಚ್ಚತೀಯಪಾ?" ಎಂದಳು ಅವ್ವ.

"ಬೆಂಗಳೂರಾಗ ಒಂದ ಹೋಟೆಲ್ ಗ್ವಾಡಿಗಿರಿ."

"ತೆಗದ ಹಾಕೂದಿಲ್ಲೇನು?"

"ಇಲ್ಲರಿ ಅಮ್ಮಾರ, ಬರೇ ನೋಡಾಕ."

"ಸುಮ್ನ ನಿಂದರಾಕ ಅಷ್ಟ ದೂರ ಯಾಕ ಹೋಗಬೇಕು? ಇಲ್ಲೇ ನಿಂತಾವಲ್ಲ" ಎಂದು ಅವನಿಗೆ ಚಹಾ ಕೊಡಿಸಿ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಜಾತ್ರಿ ಇನ್ನೂ ಮುಗದಿಲ್ಲ. ಟೇಪ್ ತಗೊಂಡ ಅಳತಿ ಹಿಡಿ. ಬನಶಂಕರಿಗೆ ಹೋಗಿ ಇವಕ್ಕೊಂದ ಚೌಕಟ್ಟ ನೋಡ್ಕೊಂಡ ಬಾ. ಟ್ರ್ಯಾಕ್ಟರ್ ಬಾಡಿಗಿ ನಾ ಕೊಡ್ತೀನಿ."